ಏಳು ವರ್ಷದ ಕೂಸಿಗೆ ವಿಭಕ್ತಿ ಬರುತ್ತದೆ, ವಿಭಕ್ತಿಯ ಹೆಸರು ಬರುವುದಿಲ್ಲ

ಜೂನ್ ಬಂತೆಂದರೆ, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ತಂದೆತಾಯಿಗಳ ಪ್ರಶ್ನೆ ಒಂದೇ. “ಒಂದನೇ ಕ್ಲಾಸಿನ ಪುಸ್ತಕ ಮುಗಿಸ್ಯಾಳ್ರಿ ಟೀಚರ್ರ, ಇನ್ನ ವ್ಯಾಕರಣಕ್ಕ ಯಾವ ಪುಸ್ತಕ ತರೂಣ್ರಿ?” ಕೆಲವರು ಕೇಳುವ ಮೊದಲೇ ತಂದಿರುತ್ತಾರೆ. ತೆರೆದರೆ ಮೊದಲ ಪುಟದಲ್ಲಿ 49 ಅಕ್ಷರಗಳ ವಿಂಗಡಣೆ: ಸ್ವರ 13, ಯೋಗವಾಹ 2, ವ್ಯಂಜನ 34. ನಾಲ್ಕು ಪುಟ ತಿರುವಿದರೆ ಸಂಧಿ, ಇನ್ನು ನಾಲ್ಕು ತಿರುವಿದರೆ ಸಮಾಸ. ಏಳು ವರ್ಷದ ಹುಡುಗಿ ಲೋಪ, ಆಗಮ, ಆದೇಶ ಎಂದು ಉಸಿರು ಬಿಡದೆ ಒಪ್ಪಿಸುತ್ತಾಳೆ. ಅದೇ ಹುಡುಗಿಗೆ ಮನೆಯ ಮುಂದಿನ ಗಿಡದ ಬಗ್ಗೆ ಒಂದು ವಾಕ್ಯ ಬರೆ ಎಂದರೆ “ಗಿಡನಲ್ಲಿ ಹಕ್ಕಿ ಇದ್ದಾನೆ” ಎಂದು ಬರೆಯುತ್ತಾಳೆ.

ಪೆನ್ಸಿಲ್ ಕೆಳಗಿಡಿಸಿ ಬಾಯಿಂದ ಹೇಳು ಎನ್ನಿ. “ಗಿಡದಾಗ ಹಕ್ಕಿ ಐತಿ” ಎನ್ನುತ್ತಾಳೆ. ಒಂದು ತಪ್ಪೂ ಇಲ್ಲ. ಗಿಡಕ್ಕೆ ‘ನ’ ಸೇರಿಸಲಿಲ್ಲ, ‘ದ’ ಸೇರಿಸಿದಳು. ಹಕ್ಕಿಗೆ ತಕ್ಕ ಕ್ರಿಯಾಪದವನ್ನೇ ಇಟ್ಟಳು. ಬಾಯಿಗೆ ಬರುವುದು ಕೈಗೆ ಬರದೇ ಇರಲು ಕಾರಣ ಪುಸ್ತಕ. ಅದು ವಿಭಕ್ತಿಗೆ ಕೊಟ್ಟಿದ್ದು ಒಂದೇ ಮಾದರಿ: ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನಲ್ಲಿ. ಕೂಸು ಪ್ರಾಮಾಣಿಕವಾಗಿ ಅದನ್ನೇ ಗಿಡಕ್ಕೂ ಹಚ್ಚಿತು.

ನಾನು ಎಷ್ಟು ಸಲ ಹೇಳಿದರೂ ಸಾಲದು ಎನ್ನಿಸುವ ಮಾತು ಇದೇ. ಆರೇಳು ವರ್ಷದ ಮಗುವಿಗೆ ಕನ್ನಡದ ವ್ಯಾಕರಣ ಹೊಸದಾಗಿ ಕಲಿಸಬೇಕಾಗಿಲ್ಲ, ಅದು ಆಗಲೇ ಅದರ ನಾಲಿಗೆಯ ಮೇಲಿದೆ. “ಅಣ್ಣಗ ಕೊಡು, ಗಿಡಕ್ಕ ನೀರ ಹಾಕು, ಮನಿಗೆ ನಡಿ, ಊರಿಗೆ ಹೋಗೂಣು” ಎಂಬ ನಾಲ್ಕು ಮಾತಿನಲ್ಲಿ ಚತುರ್ಥಿ, ಅಂದರೆ ‘ಗೆ’, ‘ಕ್ಕೆ’ ಹಚ್ಚುವ ವಿಭಕ್ತಿ, ನಾಲ್ಕು ಬಗೆಯಲ್ಲಿ ಸೇರಿದೆ. ಯಾರೂ ಹೇಳಿಕೊಟ್ಟಿಲ್ಲ. ಕಲಿಸಬೇಕಾದದ್ದು ಮನೆಯ ಮಾತಿಗೂ ಪುಸ್ತಕದ ಬರಹಕ್ಕೂ ನಡುವಿನ ಅಂತರ. ನಮ್ಮ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಮಕ್ಕಳಿಗೆ ಈ ಅಂತರ ತುಸು ಹೆಚ್ಚು. ಈ ಅಂತರ ದಾಟಿಸುವ ಪುಸ್ತಕ ಒಳ್ಳೆಯದು. ದಾಟಿಸದೆ ಹೆಸರುಗಳನ್ನಷ್ಟೇ ಉರು ಹೊಡೆಸುವ ಪುಸ್ತಕ ಎಷ್ಟೇ ದಪ್ಪವಿದ್ದರೂ ಈ ವಯಸ್ಸಿಗಲ್ಲ.

ಅಂತರ ಎಂದೆ, ತಪ್ಪು ಎನ್ನಲಿಲ್ಲ. “ಮನ್ಯಾಗ ಅನಬ್ಯಾಡ, ಮನೆಯಲ್ಲಿ ಅನ್ನು” ಎಂದು ಊಟಕ್ಕೆ ಕೂತಾಗಲೂ ತಿದ್ದುವ ತಾಯಂದಿರಿದ್ದಾರೆ. ದಯವಿಟ್ಟು ಬೇಡ. ಹೀಗೆ ತಿದ್ದಿಸಿಕೊಂಡ ಮಗು ಮಾತು ಕಡಿಮೆ ಮಾಡುತ್ತದೆ, ಆಮೇಲೆ ಬರೆಯುವುದನ್ನೂ ಕಡಿಮೆ ಮಾಡುತ್ತದೆ. ನಮ್ಮ ಮಾತಿಗೆ ಗಟ್ಟಿಯಾದ ನಿಯಮಗಳಿವೆ. ಪದದ ಕೊನೆಯ ‘ಎ’ ನಮ್ಮಲ್ಲಿ ‘ಇ’ ಆಗುತ್ತದೆ: ಮನೆ ಮನಿ, ತಲೆ ತಲಿ, ಎಲೆ ಎಲಿ. ‘ಅಲ್ಲಿ’ ಬರುವ ಕಡೆ ‘ಆಗ’ ಬರುತ್ತದೆ: ಊರಾಗ, ಗಿಡದಾಗ, ಮನ್ಯಾಗ. ‘ಮಾಡುತ್ತಿದ್ದಾಳೆ’ ಎಂಬುದು ಹಳ್ಳಿ ಕಡೆ ‘ಮಾಡಾಕತ್ತಾಳ’, ಧಾರವಾಡ ಪೇಟೆಯ ಕೆಲವು ಮನೆಗಳಲ್ಲಿ ‘ಮಾಡ್ಲಿಕತ್ತಾಳ’. ಇಷ್ಟು ಕಟ್ಟುನಿಟ್ಟಾಗಿ ಬದಲಾಗುವುದರಿಂದಲೇ ಇದನ್ನು ಪಾಠವಾಗಿ ಕಲಿಸಲು ಸಾಧ್ಯ.

ತೃತೀಯಾ, ಪಂಚಮಿಯ ವಿಷಯದಲ್ಲಂತೂ ನಮ್ಮ ಮಾತು ಪುಸ್ತಕಕ್ಕಿಂತ ಸ್ಪಷ್ಟ. ಬರಹದ ಕನ್ನಡದಲ್ಲಿ ‘ಪೆನ್ನಿನಿಂದ ಬರೆದ’, ‘ಹುಬ್ಬಳ್ಳಿಯಿಂದ ಬಂದ’ ಎರಡಕ್ಕೂ ‘ಇಂದ’ವೇ. ಏಳು ವಿಭಕ್ತಿಯ ಲೆಕ್ಕ ಸಂಸ್ಕೃತದ ಮಾದರಿಯದು. ಅದನ್ನು ತುಂಬಿಸಲು ಪುಸ್ತಕಗಳು ಪಂಚಮಿಗೆ ‘ದೆಸೆಯಿಂದ’ ಎಂದು ಬರೆಯುತ್ತವೆ. ಅದನ್ನು ಯಾವ ಮಗುವೂ ಮನೆಯಲ್ಲಿ ಕೇಳಿರುವುದಿಲ್ಲ. ನಮ್ಮ ಹುಡುಗ ಮಾತ್ರ “ಪೆನ್ನಿಲೆ ಬರದೆ”, “ಹುಬ್ಬಳ್ಳಿಂದ ಬಂದೆ” ಎಂದು ಎರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತಾನೆ. ಸಾಧನಕ್ಕೆ ‘ಲೆ’, ಹೊರಟ ಜಾಗಕ್ಕೆ ‘ಇಂದ’. ಅವನಿಗೆ ಹೇಳಬೇಕಾದದ್ದು ಇಷ್ಟೇ: “ನೀ ‘ಲೆ’ ಅನ್ನೋ ಕಡೆ ಪುಸ್ತಕದೊಳಗ ‘ಇಂದ’ ಅಂತ ಬರೀತಾರ.” ಪಾಠ ಐದು ನಿಮಿಷದಲ್ಲಿ ಮುಗಿಯುತ್ತದೆ. ‘ದೆಸೆಯಿಂದ’ ಹಿಡಿದು ಹೊರಟರೆ ವಾರವಾದರೂ ಮುಗಿಯುವುದಿಲ್ಲ.

ಇದಕ್ಕೆ ಬೇಕಾದದ್ದು ಒಂದು ಇನ್ನೂರು ಪುಟದ ನೋಟಬುಕ್. ಎದುರುಬದುರು ಎರಡು ಪುಟ ಬಳಸಿ. ಎಡಗಡೆ ಮನಿ ಮಾತು, ಬಲಗಡೆ ಪುಸ್ತಕದ ಮಾತು. ಎಡಗಡೆಯ ವಾಕ್ಯ ಮಗುವಿನದೇ ಆಗಿರಬೇಕು, ಅದು ಹೇಳಿದ್ದನ್ನು ನೀವು ಹಾಗೆಯೇ ಬರೆದುಕೊಡಿ. “ಅವ್ವ ಅಡಗಿ ಮಾಡಾಕತ್ತಾಳ.” ಬಲಗಡೆ “ಅವ್ವ ಅಡುಗೆ ಮಾಡುತ್ತಿದ್ದಾಳೆ.” ಎಡಗಡೆ “ಎತ್ತು ಹೊಲದಾಗ ಅದಾವ.” ಬಲಗಡೆ “ಎತ್ತುಗಳು ಹೊಲದಲ್ಲಿವೆ.” ದಿನಕ್ಕೆ ಒಂದೇ ವಾಕ್ಯ, ವಾರಕ್ಕೆ ನಾಲ್ಕೈದು. ಮೊದಲ ತಿಂಗಳು ಬಲಗಡೆಯದನ್ನು ನೀವು ಹೇಳಿ, ಮಗು ನೋಡಿ ಬರೆಯಲಿ. ಎರಡನೆಯ ತಿಂಗಳಿಂದ ಬದಲಾದ ಅಕ್ಷರಗಳ ಕೆಳಗೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆಯಿಸಿ. ಮೂರನೆಯ ತಿಂಗಳಿಗೆ ಬಹಳಷ್ಟು ಮಕ್ಕಳು ಬಲಗಡೆಯದನ್ನು ತಾವೇ ಹೇಳತೊಡಗುತ್ತವೆ. ಕೆಲವಕ್ಕೆ ಇನ್ನಷ್ಟು ತಡವಾಗಬಹುದು, ಗಾಬರಿ ಬೇಡ.

ಇಲ್ಲೊಂದು ಎಚ್ಚರಿಕೆ. ಬದಲಾಗಬೇಕಾದದ್ದು ಪದದ ರೂಪ, ಪದವಲ್ಲ. ‘ಅವ್ವ’ನನ್ನು ‘ಅಮ್ಮ’ ಮಾಡಬೇಡಿ. ಆಕಳು ಆಕಳಾಗಿಯೇ ಇರಲಿ, ತತ್ತಿ ತತ್ತಿಯಾಗಿಯೇ ಇರಲಿ, ಉಳ್ಳಾಗಡ್ಡಿಯನ್ನು ಈರುಳ್ಳಿ ಮಾಡುವ ಅವಸರ ಬೇಡ. ಹಸು, ಮೊಟ್ಟೆ, ಈರುಳ್ಳಿ ಓದುವಾಗ ಎದುರಾದರೆ ಅರ್ಥ ಹೇಳಿದರಾಯಿತು. ‘ಸಾಲಿ’ ಮಾತ್ರ ಬರೆಯುವಾಗ ‘ಶಾಲೆ’ ಆಗಬೇಕು, ಏಕೆಂದರೆ ಅಲ್ಲಿ ಬದಲಾಗಿರುವುದು ಉಚ್ಚಾರ. ‘ದಾರವಾಡ’ ಎಂದು ಬರೆದರೂ ಅದು ಕಾಗುಣಿತದ ತಪ್ಪು, ವ್ಯಾಕರಣದ್ದಲ್ಲ. ಅಲ್ಪಪ್ರಾಣ ಮಹಾಪ್ರಾಣಕ್ಕೆ ಉಕ್ತಲೇಖನವೇ ಮದ್ದು. ಈ ಎರಡು ಬಗೆಯ ತಪ್ಪನ್ನು ಒಂದೇ ಕೆಂಪು ಶಾಯಿಯಲ್ಲಿ ಗುರುತಿಸಿದರೆ ಯಾವುದನ್ನು ಕಿವಿಯಿಂದ ಸರಿಪಡಿಸಬೇಕು, ಯಾವುದನ್ನು ಯೋಚಿಸಿ ಸರಿಪಡಿಸಬೇಕು ಎಂಬುದು ಮಗುವಿಗೆ ತಿಳಿಯುವುದಿಲ್ಲ.

ಉಕ್ತಲೇಖನ ಕೊಡುವಾಗ ವಾಕ್ಯವನ್ನು ಮೊದಲು ತೋರಿಸಿ, ಮಗು ಒಮ್ಮೆ ಗಟ್ಟಿಯಾಗಿ ಓದಲಿ, ಆಮೇಲೆ ಮುಚ್ಚಿ ಹೇಳಿ. ನೀವು ‘ಮನಿ’ ಎಂದು ಉಚ್ಚರಿಸಿ ‘ಮನೆ’ ಎಂಬ ಬರಹ ನಿರೀಕ್ಷಿಸಿದರೆ ಅದು ನಿಮ್ಮ ತಪ್ಪು. ಆರು ವರ್ಷಕ್ಕೆ ಮೂರು ಪದದ ವಾಕ್ಯ ಸಾಕು, ಎಂಟು ವರ್ಷಕ್ಕೆ ಆರೇಳು ಪದ.

ಇನ್ನು ಪುಸ್ತಕದ ಆಯ್ಕೆ. ಅಂಗಡಿಯಲ್ಲಿ ನಿಂತು ನೋಡಲು ಹತ್ತು ನಿಮಿಷ ಸಾಕು. ಮೊದಲು ವಿಭಕ್ತಿಯ ಪುಟ ತೆರೆಯಿರಿ. ಹುಡುಗ, ಮರ, ಮನೆ, ಊರು, ಈ ನಾಲ್ಕು ಬಗೆಯ ಪದಗಳಿಗೂ ಮಾದರಿ ಇದೆಯೇ? ಹುಡುಗನನ್ನು, ಮರವನ್ನು, ಮನೆಯನ್ನು, ಊರನ್ನು. ಹುಡುಗನಿಗೆ, ಮರಕ್ಕೆ, ಮನೆಗೆ, ಊರಿಗೆ. ಮನುಷ್ಯರ ಹೆಸರು ‘ಅ’ದಲ್ಲಿ ಮುಗಿದರೆ ‘ನ’ ಬರುತ್ತದೆ. ವಸ್ತುವಿನ ಹೆಸರು ‘ಅ’ದಲ್ಲಿ ಮುಗಿದರೆ ‘ವ’ ಅಥವಾ ‘ದ’ ಬರುತ್ತದೆ, ಚತುರ್ಥಿಯಲ್ಲಿ ‘ಕ್ಕೆ’. ‘ಇ’, ‘ಎ’ಗಳಲ್ಲಿ ಮುಗಿದರೆ ‘ಯ’, ಚತುರ್ಥಿಯಲ್ಲಿ ಮಾತ್ರ ಬರೀ ‘ಗೆ’. ‘ಉ’ದಲ್ಲಿ ಮುಗಿದರೆ ಸಾಮಾನ್ಯವಾಗಿ ಆ ‘ಉ’ ಬಿದ್ದುಹೋಗುತ್ತದೆ. ರಾಮನೊಬ್ಬನೇ ಇರುವ ಪುಸ್ತಕವನ್ನು ಅಲ್ಲೇ ಬಿಟ್ಟು ಬನ್ನಿ.

ಎರಡನೆಯದು ಲಿಂಗದ ಪುಟ. ಅಣ್ಣ ಅಕ್ಕ, ರಾಜ ರಾಣಿ, ಹೋರಿ ಆಕಳು ಎಂಬ ಜೋಡಿಗಳಷ್ಟೇ ಇದ್ದರೆ ಅದು ಪದಗಳ ಪಟ್ಟಿ, ವ್ಯಾಕರಣವಲ್ಲ. ಕನ್ನಡದಲ್ಲಿ ಲಿಂಗ ಎದ್ದು ಕಾಣುವುದು ಕ್ರಿಯಾಪದದಲ್ಲಿ: ಅಣ್ಣ ಬಂದನು, ಅಕ್ಕ ಬಂದಳು, ಆಕಳು ಬಂದಿತು. ಬಹುವಚನದಲ್ಲಿ ಹುಡುಗರು ಬಂದರು, ಎತ್ತುಗಳು ಬಂದವು. ಹೋರಿ, ಆಕಳು ಎರಡಕ್ಕೂ ‘ಬಂದಿತು’ ಒಂದೇ ಎಂಬುದನ್ನು ಪುಸ್ತಕ ತೋರಿಸುತ್ತದೆಯೇ ನೋಡಿ. ‘ಕೂಸು ಅಳುತ್ತಿದೆ’ ಎಂಬ ವಾಕ್ಯವೂ ಇದ್ದರೆ ಬರೆದವರಿಗೆ ಕನ್ನಡ ಗೊತ್ತು ಎಂದು ನಂಬಬಹುದು. ‘ಗುರುಗಳು ಬಂದರು’ ಎಂಬ ಗೌರವದ ಬಹುವಚನವೂ ಬೇಕು. ಇಲ್ಲದಿದ್ದರೆ “ಒಬ್ಬರೇ ಬಂದಾರಲ್ಲ, ಮತ್ತ ಯಾಕ ರು?” ಎಂದು ಮಗು ಕೇಳುತ್ತದೆ, ಕೇಳಬೇಕಾದ ಪ್ರಶ್ನೆಯೇ ಅದು.

ಮೂರನೆಯದು ಅಭ್ಯಾಸದ ಪುಟಗಳು. ‘ಎಂದರೇನು?’ ಎಂದು ಮುಗಿಯುವ ಪ್ರಶ್ನೆಗಳನ್ನು ಎಣಿಸಿ, ಮಗು ಪೂರ್ತಿ ವಾಕ್ಯ ಬರೆಯಬೇಕಾದ ಪ್ರಶ್ನೆಗಳನ್ನು ಎಣಿಸಿ. ಮೊದಲನೆಯದು ಹೆಚ್ಚಿದ್ದರೆ ಬೇಡ.

ಇಂಗ್ಲಿಷ್ ಪಠ್ಯಕ್ರಮ ಹಿಡಿದ ಮನೆಗಳಲ್ಲಿ ಇನ್ನೊಂದು ತೊಂದರೆ ಕಾಣುತ್ತದೆ. ಅಲ್ಲಿಯ ವರ್ಕ್‌ಶೀಟುಗಳನ್ನೇ ಕನ್ನಡಕ್ಕೆ ತಿರುಗಿಸಿ ಕೊಡುತ್ತಾರೆ. ಇಂಗ್ಲಿಷಿನಲ್ಲಿ ‘ಇನ್ ದ ಹೌಸ್’ ಎಂಬುದು ಮೂರು ಬಿಡಿ ಪದ. ಖಾಲಿ ಜಾಗ ಬಿಟ್ಟು ತುಂಬಿಸಬಹುದು. ಕನ್ನಡದಲ್ಲಿ ‘ಮನೆಯಲ್ಲಿ’ ಒಂದೇ ಪದ. “ಅಜ್ಜ ಮನೆ ____ ಇದ್ದಾನೆ” ಎಂದು ಖಾಲಿ ಬಿಟ್ಟರೆ ಮಗು ‘ಅಲ್ಲಿ’ ಎಂದು ತುಂಬುತ್ತದೆ, ‘ಮನೆ ಅಲ್ಲಿ’ ಎಂದು ಬಿಡಿಸಿ ಬರೆಯುವ ರೂಢಿ ಬೀಳುತ್ತದೆ. ಆ ರೂಢಿ ಬಿಡಿಸುವುದು ಕಷ್ಟ. ಬದಲಿಗೆ “ಮನೆ: ಅಜ್ಜ ________ ಇದ್ದಾನೆ” ಎಂದು ಕೊಟ್ಟು ಪೂರ್ತಿ ಪದವನ್ನೇ ಬರೆಯಿಸಿ. ಇಂಗ್ಲಿಷಿನ ‘ಎ’, ‘ದ’ಗಳಿಗೆ ಕನ್ನಡದಲ್ಲಿ ಸಮಾನ ಪದ ಹುಡುಕಬೇಡಿ. ‘ಇದು ನಮ್ಮ ಮನೆ’ ಎಂಬ ವಾಕ್ಯಕ್ಕೆ ಕ್ರಿಯಾಪದವೇ ಬೇಕಿಲ್ಲ, ‘ಪ್ರತಿ ವಾಕ್ಯಕ್ಕೂ ವರ್ಬ್ ಬೇಕು’ ಎಂಬ ನಿಯಮವನ್ನು ಇಲ್ಲಿಗೆ ತರಬೇಡಿ. ಎರಡೂ ಭಾಷೆಯ ವ್ಯಾಕರಣವನ್ನು ಒಂದೇ ದಿನ ಹಿಡಿಯದಿದ್ದರೆ ಇನ್ನೂ ಒಳ್ಳೆಯದು.

ಮನೆಮಾತು ಉರ್ದು ಅಥವಾ ಮರಾಠಿ ಇರುವ ಕುಟುಂಬಗಳು ಹುಬ್ಬಳ್ಳಿಯಲ್ಲಿ ಬಹಳ. ಆ ಭಾಷೆಗಳಲ್ಲಿ ಕುರ್ಚಿ, ರೊಟ್ಟಿಗಳಿಗೂ ಲಿಂಗವಿದೆ. ಕನ್ನಡದಲ್ಲಿ ಲಿಂಗ ನಿಂತಿರುವುದು ಅರ್ಥದ ಮೇಲೆ. ಈ ಮಕ್ಕಳಿಗೆ ಎಡಗಡೆಯ ಪುಟ ‘ಮನಿ ಮಾತು’ ಆಗಿ ಕೆಲಸ ಮಾಡುವುದಿಲ್ಲ. ಅದರ ಬದಲು ಬಂದನು, ಬಂದಳು, ಬಂದಿತು, ಬಂದರು, ಬಂದವು ಎಂಬ ಐದು ಚೀಟಿ ಮಾಡಿ, ದಿನಕ್ಕೆ ಹತ್ತು ಹೆಸರು ಕೊಟ್ಟು ಬಾಯಿಂದಲೇ ಜೋಡಿಸಿ ಹೇಳಿಸಿ. ಬರೆಯಿಸುವುದು ಅದಾದ ಮೇಲೆ.

ಹೊತ್ತಿನ ಲೆಕ್ಕ ಸರಳ. ದಿನಕ್ಕೆ 15 ನಿಮಿಷ, ವಾರಕ್ಕೆ ನಾಲ್ಕು ದಿನ. ಒತ್ತಕ್ಷರ ತಡವರಿಸದೆ ಓದಲು ಬರುವವರೆಗೆ ಬರೆಯುವ ವ್ಯಾಕರಣವೇ ಬೇಡ, ಬಾಯಿಮಾತಿನ ಆಟ ಸಾಕು. ನಾಮಪದ, ಕ್ರಿಯಾಪದ ಎಂಬ ಹೆಸರುಗಳನ್ನು ಎಂಟು ವರ್ಷದ ಸುಮಾರಿಗೆ ಹೇಳಬಹುದು. ವಿಭಕ್ತಿಗಳ ಸಂಸ್ಕೃತ ಹೆಸರು, ಸಂಧಿ, ಸಮಾಸ ಐದನೆಯ ತರಗತಿಯ ವಯಸ್ಸಿಗೆ ಬರಲಿ.

“ಮುಂದ ಸಾಲಿಗೆ ಹಾಕಬೇಕಾದ್ರ?” ಎಂಬ ಭಯ ನನಗೆ ಅರ್ಥವಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 4ನೇ ಕಲಮು ಆರು ವರ್ಷ ದಾಟಿಯೂ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆನ್ನುತ್ತದೆ. ನಿಮ್ಮ ಮಗುವಿನ ಕಾಗದಪತ್ರಗಳ ಬಗ್ಗೆ ಮಾತ್ರ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲೇ ಕೇಳಿಕೊಳ್ಳಿ. ಪಾಠದ ಮಟ್ಟ ತಿಳಿಯಲು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ 1ರಿಂದ 4ರವರೆಗಿನ ಕನ್ನಡ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಳ್ಳಿ. ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳ ನಲಿ-ಕಲಿ ಪದ್ಧತಿಯಂತೂ ವರ್ಣಮಾಲೆಯ ಕ್ರಮವನ್ನೇ ಬಿಟ್ಟು ‘ರ ಗ ಸ ದ ಅ’ದಿಂದ ಶುರುವಾಗುತ್ತದೆ. ಐದೇ ಅಕ್ಷರಕ್ಕೆ ಅರಸ, ಸರ, ಗರಗಸ ಎಂದು ಪದ ಓದಲು ಬರಲಿ ಎಂಬುದು ಅದರ ಲೆಕ್ಕ. ಮೊದಲು ಬಳಕೆ, ಆಮೇಲೆ ವಿಂಗಡಣೆ.

ದಪ್ಪ ಪುಸ್ತಕವನ್ನು ಆಗಲೇ ಕೊಂಡಿದ್ದರೆ ಎಸೆಯಬೇಡಿ. ಅದರ ಉದಾಹರಣೆಯ ಪದಗಳನ್ನು ಮಾತ್ರ ಆರಿಸಿಕೊಳ್ಳಿ. ಸಂಧಿಯ ಪುಟದಲ್ಲಿ ‘ಮಳೆಗಾಲ’ ಸಿಕ್ಕರೆ ‘ಮಳೆ’, ‘ಕಾಲ’ ಎಂದು ಎರಡು ಚೀಟಿ ಬರೆದು ಕೊಡಿ, ಕೂಡಿಸಿ ಹೇಳು ಎನ್ನಿ. ‘ಮಳೆಕಾಲ’ ಎಂದರೆ ಸುಮ್ಮನೆ “ಆಷಾಢದಾಗ ಯಾವ ಕಾಲ ಇರ್ತೈತಿ?” ಎಂದು ಕೇಳಿ. ‘ಕ’ ಎಲ್ಲಿ ‘ಗ’ ಆಯಿತು ಎಂದು ಮಗುವೇ ಬೆರಳಿಟ್ಟು ತೋರಿಸುತ್ತದೆ. ಅದಕ್ಕೆ ಆದೇಶ ಸಂಧಿ ಎನ್ನುತ್ತಾರೆ ಎಂದು ಹೇಳುವ ಪುಟಕ್ಕೆ ಒಂದು ನವಿಲುಗರಿ ಇಟ್ಟು, ಪುಸ್ತಕವನ್ನು ಮೂರು ವರ್ಷ ಮೇಲಿನ ಮಾಡದಲ್ಲಿಡಿ.