48 ಪುಟದಲ್ಲಿ ದಸ್ತಯೆವ್‌ಸ್ಕಿ: ಕಾದಂಬರಿ ಕಾಮಿಕ್ಸ್ ಆದ ಕಥೆ

ದೊಡ್ಡ ಕಾದಂಬರಿಯನ್ನು ಕಾಮಿಕ್ಸ್ ಮಾಡಿದರೆ ಅದು ಓದಿಗೆ ಮೆಟ್ಟಿಲಾ, ಓದು ತಪ್ಪಿಸಿಕೊಳ್ಳುವ ಕಳ್ಳದಾರಿಯಾ? ಮಕ್ಕಳ ಕೈಗೆ ಗ್ರಾಫಿಕ್ ನಾವೆಲ್ ಬಂದಾಗಲೆಲ್ಲ ಈ ಜಗಳ ಏಳುತ್ತದೆ. ಇದೇನೋ ಮೊಬೈಲ್ ಕಾಲದ ಸಮಸ್ಯೆ ಅನ್ನುವ ಹಾಗೆ ಎಲ್ಲರೂ ಮಾತಾಡುತ್ತಾರೆ. ಜಗಳಕ್ಕೆ 80 ವರ್ಷ ದಾಟಿದೆ.

1941ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ 'ಕ್ಲಾಸಿಕ್ ಕಾಮಿಕ್ಸ್' ಶುರುವಾಯಿತು. ಶುರು ಮಾಡಿದವರು ಆಲ್ಬರ್ಟ್ ಕಾಂಟರ್, ಚಿಕ್ಕಂದಿನಲ್ಲೇ ರಷ್ಯಾದಿಂದ ವಲಸೆ ಬಂದವರು. ಸೂಪರ್‌ಮ್ಯಾನ್ ಸಿಗುವ 10 ಸೆಂಟಿಗೇ ಅವರು ಫ್ರೆಂಚ್ ಕಾದಂಬರಿಕಾರ ಡ್ಯೂಮಾನ 'ದಿ ತ್ರೀ ಮಸ್ಕೆಟಿಯರ್ಸ್' ಕೊಟ್ಟರು. 1947ರಲ್ಲಿ ಹೆಸರು 'ಕ್ಲಾಸಿಕ್ಸ್ ಇಲಸ್ಟ್ರೇಟೆಡ್' ಆಯಿತು. ಬೇರೆ ಕಾಮಿಕ್ಸ್ ತಿಂಗಳು ಕಳೆದರೆ ರದ್ದಿ. ಇವು ಮತ್ತೆ ಮತ್ತೆ ಅಚ್ಚಾಗುತ್ತಿದ್ದವು. ಕೊನೆಗೆ ಸಂಚಿಕೆಗಳ ಸಂಖ್ಯೆ 169 ಮುಟ್ಟಿತು.

ಎಡವಟ್ಟಾದದ್ದು ಪುಟಗಳ ಲೆಕ್ಕದಲ್ಲಿ. ಮೊದಲು 64 ಪುಟ ಇತ್ತು. ಯುದ್ಧಕಾಲದಲ್ಲಿ ಕಾಗದ ಸಿಗದೆ 56 ಆಯಿತು. ಆಮೇಲೆ 48ಕ್ಕೆ ಬಂದು ನಿಂತಿತು. ಡ್ಯೂಮಾನ ಕತ್ತಿವರಸೆ ಇಷ್ಟರಲ್ಲಿ ಹೇಗೋ ಹಿಡಿಸುತ್ತದೆ. ರಷ್ಯಾದ ಕಾದಂಬರಿಕಾರ ದಸ್ತಯೆವ್‌ಸ್ಕಿ ಹಿಡಿಸುವುದಿಲ್ಲ.

ಅವನ 'ಕ್ರೈಮ್ ಅಂಡ್ ಪನಿಶ್‌ಮೆಂಟ್' ಕಾದಂಬರಿಯ 1951ರ ಸಂಚಿಕೆಯನ್ನೇ ನೋಡಿ. ಅದರಲ್ಲಿ ಸೋನ್ಯಾ ಇಲ್ಲ! ಕೊಲೆ ಮಾಡಿದ ಕಥಾನಾಯಕ ರಸ್ಕೋಲ್ನಿಕಾಫ್ ಬಂದು ತಪ್ಪೊಪ್ಪಿಕೊಳ್ಳುವುದೇ ಅವಳ ಮುಂದೆ. ಅವಳೇ ಇಲ್ಲದ ಮೇಲೆ ಉಳಿಯುವುದು ಕೊಲೆ ಮತ್ತು ಪೊಲೀಸ್ ವಿಚಾರಣೆ, ಅಷ್ಟೇ. ಸೋನ್ಯಾಳಂತೆ ಹೊಟ್ಟೆಪಾಡಿಗೆ ಮೈ ಮಾರಿಕೊಳ್ಳುವ ಹುಡುಗಿ ಮಕ್ಕಳ ಪುಸ್ತಕದಲ್ಲಿ ಬೇಡ ಎಂಬ ಅಳುಕೂ ಇದ್ದಿರಬಹುದು. ಸಂಪಾದಕರೇನೂ ಇದನ್ನು ಮುಚ್ಚಿಡಲಿಲ್ಲ. ಜಾಗ ಸಾಲದೆ ಕೆಲವು ಪಾತ್ರ, ಉಪಕಥೆಗಳನ್ನು ಬಿಟ್ಟಿದ್ದೇವೆ, ದಯವಿಟ್ಟು ಮೂಲ ಓದಿ ಎಂದು ಸಂಚಿಕೆಯಲ್ಲೇ ಅಚ್ಚು ಹಾಕಿದರು. ಮರುವರ್ಷ ಕವಿ ಡೆಲ್ಮೋರ್ ಶ್ವಾರ್ಟ್ಜ್ 'ಪಾರ್ಟಿಸನ್ ರಿವ್ಯೂ' ಪತ್ರಿಕೆಯಲ್ಲಿ ಇದೇ ಸಂಚಿಕೆ ಹಿಡಿದು ಚರ್ಚಿಸಿದರು. ಈ ವಿಷಯದಲ್ಲಿ ಪುಸ್ತಕ ಬಿಡಿಸಿ ನೋಡಿ ಆಡಿದ ಅಪರೂಪದ ಮಾತು ಅದು.

ಅಂಥ ಚರ್ಚೆ ಮುಂದುವರಿಯಬೇಕಿತ್ತು. ಮುಂದುವರಿಯಲಿಲ್ಲ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಾರೆ ಎಂದು ಪುಸ್ತಕ ಬರೆದರು. ಸೆನೆಟ್ ವಿಚಾರಣೆ ನಡೆಯಿತು. ಪ್ರಕಾಶಕರು ಸೇರಿ 'ಕಾಮಿಕ್ಸ್ ಕೋಡ್', ಅಂದರೆ ಕಾಮಿಕ್ಸ್‌ನಲ್ಲಿ ಏನಿರಬಹುದು ಏನಿರಬಾರದು ಎಂಬ ನಿಯಮ ಮಾಡಿಕೊಂಡರು. ಭೂತ, ರಕ್ತದ ಕಾಮಿಕ್ಸ್ ಮೇಲೆ ಎದ್ದ ಸಿಟ್ಟು ಡಿಕೆನ್ಸ್ ಕಾದಂಬರಿಯ ಕಾಮಿಕ್ಸ್ ಮೇಲೂ ಬಿತ್ತು. ನಮ್ಮದು ಕಾಮಿಕ್ಸೇ ಅಲ್ಲ ಎಂದು ಕಾಂಟರ್ ಸಂಸ್ಥೆ ಕೋಡ್‌ನಿಂದ ಹೊರಗುಳಿಯಿತು. ಈ ಗದ್ದಲದಲ್ಲಿ, ಯಾವ ಪುಸ್ತಕದಿಂದ ಏನು ಬಿಟ್ಟುಹೋಯಿತು ಎಂಬ ಪ್ರಶ್ನೆ ಮೂಲೆಗೆ ಸರಿಯಿತು. ಚಿತ್ರ ಒಳ್ಳೆಯದಾ ಕೆಟ್ಟದ್ದಾ ಎಂಬುದಷ್ಟೇ ಉಳಿಯಿತು.

ಕಾಂಟರ್ ಸಂಸ್ಥೆಯ ಒಳಗಡೆ ಮಾತ್ರ ಕೆಲಸ ಸುಧಾರಿಸುತ್ತಿತ್ತು. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. 1943ರಲ್ಲಿ ಬಂದ 'ಡಾ. ಜೆಕಿಲ್ ಅಂಡ್ ಮಿ. ಹೈಡ್' ಮೂಲದಿಂದ ತುಂಬಾ ದೂರ ಹೋಗಿತ್ತು. 1953ರಲ್ಲಿ ಅದನ್ನು ಹೊಸದಾಗಿ ಮಾಡಿಸಿದರು, ಚಿತ್ರ ಲೂ ಕ್ಯಾಮರನ್ ಅವರದು. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಅವನ ಸಾಲುಗಳನ್ನೇ ಇಟ್ಟು, ಕಷ್ಟದ ಪದಗಳಿಗೆ ಅರ್ಥ ಕೊಟ್ಟರು. ಸುಮ್ನೆ ದುಡ್ಡು ಮಾಡುವವರು ಇಷ್ಟೆಲ್ಲ ಮಾಡುತ್ತಾರಾ?

ಆಮೇಲಿನದು ಬೇಗ ಮುಗಿಯುತ್ತದೆ. ಟಿವಿ ಬಂತು, ಅಗ್ಗದ ಪೇಪರ್‌ಬ್ಯಾಕ್ ಬಂತು, ಪರೀಕ್ಷೆಗೆ ಗೈಡ್ ಬಂತು. 1967ರಲ್ಲಿ ಕಾಂಟರ್ ಸಂಸ್ಥೆಯನ್ನು ಮಾರಿದರು.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ 'ಅಮರ ಚಿತ್ರ ಕಥೆ'ಯ 'ಕೃಷ್ಣ' ಬಂದದ್ದೂ ಆ ಹೊತ್ತಿಗೇ. ಅದರ ಸಂಖ್ಯೆ 11. ಮೊದಲ ಹತ್ತು, ಸಿಂಡ್ರೆಲಾ ಥರದ ಪಾಶ್ಚಾತ್ಯ ಕಥೆಗಳು, ಕನ್ನಡದಲ್ಲಿ ಬಂದವು. ಅಂದರೆ ನಮ್ಮ ಪುರಾಣದ ಕಾಮಿಕ್ಸ್‌ಗೂ ದಾರಿ ಪಾಶ್ಚಾತ್ಯ ಕಥೆಗಳ ಕಾಮಿಕ್ಸ್ ಮೂಲಕವೇ ಹಾದುಬಂದಿದೆ.

ಈಗ ಪುಟದ ಇಕ್ಕಟ್ಟು ಅಷ್ಟಿಲ್ಲ. 2018ರಲ್ಲಿ ಫ್ರೆಡ್ ಫೋರ್ಡಮ್ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯನ್ನು ಚಿತ್ರಕ್ಕೆ ತಂದಾಗ 250ಕ್ಕೂ ಹೆಚ್ಚು ಪುಟ ಬಳಸಿದರು. ಇಂಥ ಪುಸ್ತಕವನ್ನೂ 48 ಪುಟದ ಕಾಲದ ದೂರುಗಳನ್ನೇ ಹಿಡಿದು ಅಳೆಯುವುದು ಸರಿಯಲ್ಲ, ಅಲ್ವಾ?