ಹೊಲಿಯುವ ಮೊದಲು ಬಟ್ಟೆಯನ್ನು ನೀರಿಗೆ ಹಾಕಲೇಬೇಕಾ?

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿಯಲು ಕಲಿಯುತ್ತಿದ್ದೇನೆ. ಕತ್ತರಿ ಹಾಕುವ ಮೊದಲು ಬಟ್ಟೆ ನೆನೆಸಿ ಒಣಗಿಸಬೇಕು ಅಂತ ಕೆಲವರು ಹೇಳುತ್ತಾರೆ. ಹೊಸ ಬಟ್ಟೆಯ ಹೊಳಪು ಹೋಗುತ್ತೆ, ಬೇಡ ಅಂತ ಇನ್ನು ಕೆಲವರು. ಯಾರ ಮಾತು ಕೇಳಲಿ?

ಉತ್ತರ: ಒಳಗೆ ಕೊಡುವ ಹತ್ತಿಯ ಲೈನಿಂಗ್ ಬಟ್ಟೆಯನ್ನು ನೆನೆಸಲೇಬೇಕು. ಅದರಲ್ಲಿ ಎರಡನೇ ಮಾತಿಲ್ಲ. ಮೇಲಿನ ಬಟ್ಟೆಯ ವಿಷಯ ಮಾತ್ರ ಅದು ಹತ್ತಿಯೋ, ರೇಷ್ಮೆಯೋ, ಪಾಲಿಯೆಸ್ಟರೋ ನೋಡಿಕೊಂಡು ಹೇಳಬೇಕು.

ಮಗ್ಗದಲ್ಲಿ ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದಕ್ಕೆ ಬರುವ ನೂಲನ್ನು, ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೇಯ್ದ ಮೇಲೂ ಬಟ್ಟೆಗೆ ಬಣ್ಣ, ಗಂಜಿ, ಇಸ್ತ್ರಿ ಎಲ್ಲ ಆಗುವುದು ಎಳೆದು ಹಿಡಿದುಕೊಂಡೇ. ಅಂಗಡಿಯಲ್ಲಿ ಒಂದು ಮೀಟರ್ ಅಳೆದು ಕೊಡುವಾಗಲೂ ಆ ಎಳೆತ ಬಟ್ಟೆಯೊಳಗೆ ಹಾಗೇ ಕೂತಿರುತ್ತದೆ. ನೀರು ಬಿದ್ದ ಕೂಡಲೇ ಅದು ಬಿಡುತ್ತದೆ. ಜೊತೆಗೆ ಹತ್ತಿಯ ನೂಲು ನೀರು ಕುಡಿದು ದಪ್ಪ ಆಗುತ್ತದೆ. ದಪ್ಪ ನೂಲನ್ನು ಸುತ್ತಿಕೊಂಡು ಮೇಲೆ ಕೆಳಗೆ ಹಾಯಲು ಅದಕ್ಕೆ ಅಡ್ಡಲಾಗಿರುವ ನೂಲಿಗೆ ಜಾಸ್ತಿ ಉದ್ದ ಬೇಕು. ಆ ಉದ್ದ ಬರುವುದು ಬಟ್ಟೆಯ ಅಳತೆಯಿಂದಲೇ. ಹಾಸಿನ ಕಡೆ ಎಳೆತ ಜಾಸ್ತಿ ಇರುವುದರಿಂದ ಬಟ್ಟೆ ಸಾಮಾನ್ಯವಾಗಿ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಕುಗ್ಗುತ್ತದೆ.

ಎಷ್ಟು ಕುಗ್ಗಬಹುದು? ಸಾಧಾರಣ ಹತ್ತಿ ಬಟ್ಟೆ ಶೇ. 3ರಿಂದ 5ರಷ್ಟು. ಸಡಿಲವಾಗಿ ನೇಯ್ದ ಕೈಮಗ್ಗದ ಬಟ್ಟೆ, ಖಾದಿ, ರೇಯಾನ್ ಇನ್ನೂ ಜಾಸ್ತಿ. ಕೇಳಲು ಚಿಕ್ಕ ಲೆಕ್ಕ. ಆದರೆ 40 ಇಂಚಿನ ಕುರ್ತಾ ಶೇ. 5 ಕುಗ್ಗಿದರೆ 2 ಇಂಚು ಹೋಯಿತು. 14 ಇಂಚಿನ ಬ್ಲೌಸ್ ಶೇ. 4 ಕುಗ್ಗಿದರೆ ಅರ್ಧ ಇಂಚಿಗಿಂತ ಜಾಸ್ತಿ.

ಇಡೀ ಬಟ್ಟೆ ಒಂದೇ ಸಮ ಕುಗ್ಗಿದರೆ ಹೇಗೋ ಸಂಭಾಳಿಸಬಹುದು. ಒಳಗೆ ಮಾರ್ಜಿನ್ ಬಿಟ್ಟಿದ್ದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತೀರಿ. ಪೇಚಿಗೆ ಸಿಕ್ಕುವುದು ಎರಡು ಬೇರೆ ಬೇರೆ ಬಟ್ಟೆಗಳನ್ನು ಸೇರಿಸಿ ಹೊಲಿದಾಗ. ಮೇಲೆ ಪಾಲಿಯೆಸ್ಟರ್ ಬ್ಲೌಸ್ ಪೀಸ್, ಒಳಗೆ ಹತ್ತಿ ಲೈನಿಂಗ್ ಅಂತಿಟ್ಟುಕೊಳ್ಳಿ. ಪಾಲಿಯೆಸ್ಟರ್ ನೀರಿಗೆ ಹೆಚ್ಚು ಕಡಿಮೆ ಕುಗ್ಗುವುದೇ ಇಲ್ಲ. ಲೈನಿಂಗ್ ಮಾತ್ರ ಮೊದಲ ಒಗೆತಕ್ಕೇ ಅರ್ಧ ಇಂಚು ಮೇಲೆ ಹೋಗುತ್ತದೆ. ಆಗ ಮೇಲಿನ ಬಟ್ಟೆಗೆ ಜಾಗ ಸಾಲದೆ ಟಕ್ಸ್ (ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ) ಹತ್ತಿರ, ಕಂಕುಳ ಹತ್ತಿರ ಉಬ್ಬಿ ನಿಲ್ಲುತ್ತದೆ. ಎಷ್ಟು ಇಸ್ತ್ರಿ ಹಾಕಿದರೂ ಅದು ಕೂರುವುದಿಲ್ಲ. ಹೊಲಿದವರ ಕೈ ಸರಿಯಿಲ್ಲ ಅಂತ ಬೈಸಿಕೊಳ್ಳುವ ಎಷ್ಟೋ ಬ್ಲೌಸ್‌ಗಳ ನಿಜವಾದ ತಪ್ಪು ಇಷ್ಟೇ.

ಸೀರೆ ಫಾಲ್‌ನದೂ ಇದೇ ಕಥೆ. ಹತ್ತಿಯ ಫಾಲನ್ನು ನೆನೆಸದೆ ಹಾಕಿದರೆ, ಒಂದೆರಡು ಒಗೆತದ ಮೇಲೆ ನೆರಿಗೆಯ ಕೆಳಗಿನ ಅಂಚೆಲ್ಲ ಸುಕ್ಕುಸುಕ್ಕು. ಬ್ಲೌಸ್‌ಗಾದರೂ ಸೆರಗು ಮುಚ್ಚುತ್ತದೆ, ಇದನ್ನು ಮುಚ್ಚುವುದು ಹೇಗೆ?

ಇನ್ನು ಮೇಲಿನ ಬಟ್ಟೆ. ಹತ್ತಿ, ಲಿನನ್, ಖಾದಿ ಆದರೆ ನೆನೆಸಿ. ರೇಯಾನ್ ಆದರೂ ನೆನೆಸಿ, ಆದರೆ ಹಿಂಡಬೇಡಿ. ಒದ್ದೆಯಾದಾಗ ಅದರ ನೂಲಿಗೆ ಬಲ ಕಡಿಮೆ. ಪಾಲಿಯೆಸ್ಟರ್‌ಗೆ ಬೇಕಿಲ್ಲ. ಜರಿ ಇರುವ ರೇಷ್ಮೆಯನ್ನಂತೂ ದಯವಿಟ್ಟು ಬಕೆಟ್ಟಿಗೆ ಹಾಕಬೇಡಿ. ಕ್ರೇಪ್ ರೇಷ್ಮೆಯ ನೂಲಿಗೆ ಹುರಿ ಜಾಸ್ತಿ ಇರುತ್ತದೆ, ನೀರು ಬಿದ್ದರೆ ಅದು ಚೆನ್ನಾಗಿ ಮುದುಡಿಕೊಳ್ಳುತ್ತದೆ. ಅಂಥ ಬ್ಲೌಸನ್ನು ಮುಂದೆಯೂ ಡ್ರೈ ಕ್ಲೀನಿಂಗ್‌ಗೇ ಕೊಡುತ್ತೀರಿ ತಾನೆ? ಆದರೂ ಒಳಗಿನ ಲೈನಿಂಗನ್ನು ನೆನೆಸಿಯೇ ಹಾಕಿ. ಬೆವರು, ಇಸ್ತ್ರಿಯ ಹಬೆ ಎರಡೂ ಅದಕ್ಕೆ ತಾಗುತ್ತಲೇ ಇರುತ್ತವೆ.

ಕೆಲವು ಶರ್ಟ್ ಬಟ್ಟೆಯ ಮೇಲೆ 'ಸ್ಯಾನ್‌ಫೋರೈಸ್ಡ್' ಅಂತ ಇರುತ್ತದೆ. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರ ಸುಮಾರಿಗೆ ರೂಪಿಸಿದ ವಿಧಾನ ಅದು. ಹದವಾಗಿ ಒದ್ದೆ ಮಾಡಿದ ಬಟ್ಟೆಯನ್ನು ಯಂತ್ರದಲ್ಲಿ ಒತ್ತಿ, ಗಿರಣಿಯಲ್ಲೇ ಕುಗ್ಗಿಸಿ ಕಳಿಸುತ್ತಾರೆ. ಆಮೇಲೆ ಅದು ಕುಗ್ಗುವುದು ಶೇ. 1ರ ಆಸುಪಾಸು ಮಾತ್ರ.

ಅನುಮಾನ ಇದ್ದರೆ ಒಂದು ತುಂಡಿನ ಮೇಲೆ ಉದ್ದ ಅಗಲ ಎರಡೂ 20 ಸೆಂಟಿಮೀಟರ್ ಇರುವ ಚೌಕ ಬರೆದು, ಒಗೆದು, ಒಣಗಿಸಿ ಮತ್ತೆ ಅಳೆಯಿರಿ. 19 ಬಂದರೆ ಶೇ. 5 ಹೋಗಿದೆ ಅಂತ ಲೆಕ್ಕ.

ನೆನೆಸುವ ಕ್ರಮದಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಕತ್ತರಿಸಿದ ಅಂಚಿಗೆ ಮೊದಲು ಜಿಗ್‌ಜಾಗ್ ಹೊಲಿಗೆ ಹಾಕಿ, ಇಲ್ಲವಾದರೆ ದಾರ ಬಿಟ್ಟುಕೊಂಡು ಗಂಟಾಗುತ್ತದೆ. ಲೈನಿಂಗ್‌ಗೆ ಒಂದೆರಡು ಗಂಟೆ ತಣ್ಣೀರು ಸಾಕು. ಉಡುಪನ್ನು ಮುಂದೆ ಬಿಸಿನೀರಲ್ಲಿ, ಮಷಿನ್‌ನಲ್ಲಿ ಒಗೆಯುವವರಾದರೆ ಬಟ್ಟೆಯನ್ನೂ ಈಗಲೇ ಹಾಗೇ ಒಗೆಯಿರಿ. ಅಮೆರಿಕದಲ್ಲೋ ಕೆನಡಾದಲ್ಲೋ ಇದ್ದು ಡ್ರೈಯರ್‌ಗೆ ಹಾಕುವವರು ಈಗಲೂ ಡ್ರೈಯರ್‌ಗೇ ಹಾಕಬೇಕು. ಹಗ್ಗದ ಮೇಲೆ ಒಣಗಿಸಿದಾಗ ಕುಗ್ಗದೆ ಉಳಿದದ್ದು ಅಲ್ಲಿ ಕುಗ್ಗುತ್ತದೆ. ಉಳಿದವರು ಹಿಂಡದೆ ನೆರಳಲ್ಲಿ ಹರವಿ. ಮೂಲೆಗೆ ಕ್ಲಿಪ್ ಹಾಕಿ ನೇತು ಹಾಕಿದರೆ ಬಟ್ಟೆ ಓರೆಯಾಗಿ ಜಗ್ಗುತ್ತದೆ. ಸ್ವಲ್ಪ ಪಸೆ ಇರುವಾಗಲೇ, ಜಗ್ಗದೆ, ಉದ್ದದ ದಾರದ ಗುಂಟ ಇಸ್ತ್ರಿ ಮಾಡಿ.

ನಿಮ್ಮ ಹೊಳಪಿನ ಪ್ರಶ್ನೆ. ಹತ್ತಿ ಬಟ್ಟೆಯಲ್ಲಿ ಹೋಗುವುದು ಬಹುಪಾಲು ಗಂಜಿ. ಅದು ಇವತ್ತಲ್ಲ ನಾಳೆ ಹೋಗುವುದೇ. ಮೆತ್ತಗಾದ ಬಟ್ಟೆ ಕತ್ತರಿಸಲು ಜಾರುತ್ತೆ ಅನ್ನಿಸಿದರೆ ತೆಳುವಾಗಿ ಗಂಜಿ ಹಾಕಿಕೊಳ್ಳಿ.

ಬಣ್ಣ ಬಿಡುವ ಬಟ್ಟೆಯೂ ಇಲ್ಲೇ ಸಿಕ್ಕಿಬೀಳುತ್ತದೆ. ಕಡು ಕೆಂಪು, ನೀಲಿಯನ್ನು ಬೇರೆ ಬಕೆಟ್ಟಲ್ಲಿ ನೆನೆಸಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸ ಉಂಟು, ಆಮೇಲೆ ಅಲ್ಲ. ಆ ಉಪ್ಪುನೀರಲ್ಲಿ ಕಡಿಮೆ ಬಿಟ್ಟಂತೆ ಕಂಡರೂ ಮುಂದಿನ ಸಾದಾ ನೀರಿಗೆ ಮತ್ತೆ ಬಿಡಬಹುದು. ನೀರು ತಿಳಿಯಾಗುವ ತನಕ ಜಾಲಿಸುವುದೇ ಸರಿ. ಎಷ್ಟು ಜಾಲಿಸಿದರೂ ಬಿಡುತ್ತಲೇ ಇದ್ದರೆ ಆ ಬಟ್ಟೆಗೆ ಬಿಳಿ ಪೈಪಿಂಗ್ ಕೂಡಿಸುವ ಆಸೆ ಬಿಡಿ.

ನೆನೆಸುವ ಗೋಜೇ ಇಲ್ಲದ ಕೆಲಸ ಅಂದರೆ ಕೌದಿ. ಹಳೇ ಸೀರೆ, ಹಳೇ ಪಂಚೆ ವರ್ಷಗಟ್ಟಲೆ ಒಗೆದು ಕುಗ್ಗುವಷ್ಟು ಕುಗ್ಗಿಯೇ ಇರುತ್ತವೆ. ಹಿಂಬದಿಗೆ ಹೊಸ ಬಟ್ಟೆ ಕೊಡುವುದಾದರೆ ಅದೊಂದನ್ನು ಮಾತ್ರ ನೆನೆಸಿಕೊಳ್ಳಿ.

ಅಂಗಡಿಗೆ ಹೋದಾಗ ಇದನ್ನೆಲ್ಲ ಲೆಕ್ಕ ಹಾಕಿಯೇ ಬಟ್ಟೆ ಕೇಳಿ. ಕುರ್ತಾಕ್ಕೆ ಎರಡೂವರೆ ಮೀಟರ್ ಬೇಕಾದರೆ, ಹತ್ತಿಯಲ್ಲಿ ಇನ್ನೊಂದು 15 ಸೆಂಟಿಮೀಟರ್ ಸೇರಿಸಿ ಕತ್ತರಿಸಿಕೊಡಿ ಅನ್ನಿ.