ಪೊರೆ ಬಲೀಲಿ ಅಂತ ಯಾಕೆ ಕಾಯ್ತಿದ್ರು, ಈಗ್ಯಾಕೆ ಕಾಯ್ಬಾರ್ದು

"ಪೊರೆ ಇನ್ನೂ ಬಲಿತಿಲ್ವಂತೆ, ಆಮೇಲೆ ಆಪರೇಷನ್ ಮಾಡಿಸಿದ್ರಾಯ್ತು" ಅನ್ನೋರು ಈಗ್ಲೂ ತುಂಬಾ ಜನ ಇದಾರೆ. ಒಂದು ಕಾಲಕ್ಕೆ ಡಾಕ್ಟ್ರುಗಳೇ ಹಾಗೆ ಹೇಳ್ತಿದ್ರು, ಅದಕ್ಕೆ ಕಾರಣಾನೂ ಇತ್ತು.

ಪೊರೆ ಬರೋದು ಅಂದ್ರೆ ಕಣ್ಣೊಳಗಿರೋ ಲೆನ್ಸೇ ಮಸುಕಾಗೋದು. ಸುಶ್ರುತ ಸಂಹಿತೆಯಲ್ಲಿ ಬರೋ ವಿಧಾನದಲ್ಲಿ ಸಲಾಕೆ ಹಾಕಿ ಅದನ್ನ ದೃಷ್ಟಿಗೆ ಅಡ್ಡ ಬರದ ಹಾಗೆ ಸರಿಸ್ತಿದ್ರು, ಅಷ್ಟೇ. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಕಣ್ಣನ್ನ ಕುಯ್ದು ಲೆನ್ಸನ್ನ ಹೊರಗೇ ತೆಗೆದ್ರು, ಆದ್ರೆ ಮರಗಟ್ಟಿಸೋ ಔಷಧಿ ಬಂದಿದ್ದು 1884ರಲ್ಲಿ, ಅಲ್ಲಿವರೆಗೂ ಜನ ಎಚ್ಚರವಾಗಿದ್ದೇ ಆ ನೋವು ತಡ್ಕೊಂಡಿದಾರೆ. ಗಾಯ ದೊಡ್ಡದು, ಅಲುಗಾಡದೆ ದಿನಗಟ್ಟಲೆ ಮಲಗಿರ್ಬೇಕು, ವಾಸಿಯಾದ್ಮೇಲೂ ದಪ್ಪ ಸೋಡಾಬುಡ್ಡಿ ಕನ್ನಡಕ. ಎಳೇ ಪೊರೆ ಪೂರ್ತಿ ಹೊರಗೆ ಬರ್ತಿರ್ಲಿಲ್ಲ, ಚೂರು ಒಳಗೇ ಉಳಿದು ಉರಿಯೂತ ಆಗೋದು. ಹಾಗಾಗಿ ದೃಷ್ಟಿ ಹೆಚ್ಚುಕಮ್ಮಿ ಹೋಗೋವರೆಗೂ ಕಾಯೋದೇ ಸರಿ ಇತ್ತು.

ಈ ಲೆಕ್ಕ ಬದಲಾಗೋಕೆ ಶುರುವಾಗಿದ್ದು 1949ರಲ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರು ಪೈಲಟ್‌ಗಳ ಕಣ್ಣಲ್ಲಿ ಸಿಕ್ಕೊಂಡಿದ್ರೂ ಕಣ್ಣು ಕೆರಳ್ತಿಲ್ಲ ಅನ್ನೋದನ್ನ ಗಮನಿಸಿದ್ದ ಲಂಡನ್ನಿನ ಕಣ್ಣಿನ ಡಾಕ್ಟ್ರು ಹೆರಾಲ್ಡ್ ರಿಡ್ಲಿ ಅದೇ ಥರದ ಪ್ಲಾಸ್ಟಿಕ್ಕಿಂದ ಲೆನ್ಸ್ ಮಾಡ್ಸಿ ಕಣ್ಣೊಳಗೆ ಕೂರಿಸಿದ್ರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಹಲ್ಲು ಕ್ಲೀನ್ ಮಾಡೋ ಅಲ್ಟ್ರಾಸೌಂಡ್ ಯಂತ್ರ ನೋಡಿ, ಪೊರೆನ ಪುಡಿ ಮಾಡಿ ಹೀರಿ ತೆಗೆಯೋ ಫೇಕೋ ವಿಧಾನ ತಂದ್ರು. ಈಗ ಸುಮಾರು 2ರಿಂದ 3 ಮಿಲಿಮೀಟರ್ ಗಾಯದಲ್ಲಿ ಮಡಚೋ ಲೆನ್ಸ್ ಒಳಗೆ ಹೋಗುತ್ತೆ. ಇಲ್ಲಿ ಬಲಿತ ಪೊರೆನೇ ಕಷ್ಟ. ಗಟ್ಟಿಯಾದಷ್ಟೂ ಪುಡಿ ಮಾಡೋಕೆ ಜಾಸ್ತಿ ಶಕ್ತಿ ಬೇಕು, ಅದರಿಂದ ಕಾರ್ನಿಯಾದ (ಕಣ್ಣಿನ ಮುಂದಿರೋ ಪಾರದರ್ಶಕ ಪದರ) ಒಳಪದರದ ಜೀವಕೋಶಗಳಿಗೆ ಪೆಟ್ಟು ಬೀಳ್ಬೋದು. ಓದೋಕೆ, ರಾತ್ರಿ ಓಡಾಡೋಕೆ ತೊಂದ್ರೆ ಆಗ್ತಿದ್ರೆ ಡಾಕ್ಟ್ರನ್ನ ಕೇಳಿ, ದಯವಿಟ್ಟು ಮುಂದೂಡ್ಬೇಡಿ.

ಕಣ್ಣಿನ ಬೇರೆ ಆಪರೇಷನ್‌ಗಳ ಕಥೆ ಬೇರೆ. ಕಾರ್ನಿಯಾನೇ ಬೆಳ್ಳಗಾದ್ರೆ ದಾನಿಗಳ ಕಾರ್ನಿಯಾ ಕಸಿ ಮಾಡ್ತಾರೆ, ಇದು ಮೊದಲು ಯಶಸ್ವಿಯಾಗಿದ್ದು 1905ರಲ್ಲಿ, ಕಣ್ಣಿನ ಡಾಕ್ಟ್ರು ಎಡ್ವರ್ಡ್ ಝಿರ್ಮ್ ಕೈಯಲ್ಲಿ.

ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಕಣ್ಣಿನ ನರ ಹಾಳಾಗೋ ಕಾಯಿಲೆ) ಸರ್ಜರಿ ಪೊರೆ ಆಪರೇಷನ್ ಥರ ಅಲ್ಲ. 1968ರಲ್ಲಿ ಡಾಕ್ಟರ್ ಕೇರ್ನ್ಸ್ ವಿವರಿಸಿದ ಟ್ರಬೆಕ್ಯುಲೆಕ್ಟಮಿ ಅನ್ನೋ ಸರ್ಜರಿಯಲ್ಲಿ ಕಣ್ಣೊಳಗಿನ ನೀರು ಹೊರಗೆ ಹೋಗೋಕೆ ಹೊಸ ದಾರಿ ಮಾಡ್ತಾರೆ, ಒತ್ತಡ ಇಳಿಯುತ್ತೆ, ಆದ್ರೆ ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದು ಉಳಿಯುತ್ತೆ ಅಷ್ಟೇ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನ ಗ್ರಹಿಸೋ ಪದರ ರೆಟಿನಾ ಕಿತ್ತು ಬಂದ್ರಂತೂ ಕಾಯೋ ಮಾತೇ ಇಲ್ಲ, ಮಿಂಚು ಹೊಡೆದ ಹಾಗೆ ಬೆಳಕು, ಇದ್ದಕ್ಕಿದ್ದಂಗೆ ತೇಲೋ ಕಪ್ಪು ಚುಕ್ಕಿಗಳು, ಒಂದು ಕಡೆಯಿಂದ ಪರದೆ ಎಳೆದಂಗೆ ಕತ್ತಲೆ, ಇದ್ರಲ್ಲಿ ಯಾವ್ದು ಕಂಡ್ರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಲೇಸಿಕ್ ಇವುಗಳಲ್ಲಿ ಹೊಸದು, ಲೇಸರ್‌ನಿಂದ ಕಾರ್ನಿಯಾದ ಆಕಾರ ತಿದ್ದಿ ಕನ್ನಡಕದ ನಂಬರ್ ತೆಗೆಯೋದು. ಅದು ಪೊರೆನ ತಡೆಯಲ್ಲ. ಮಾಡಿಸ್ಕೊಂಡಿದ್ರೆ ಹಳೇ ರಿಪೋರ್ಟ್ ಎತ್ತಿಟ್ಕೊಳ್ಳಿ, ಕಾರ್ನಿಯಾ ಆಕಾರ ಬದಲಾಗಿರೋದ್ರಿಂದ ಮುಂದೆ ಪೊರೆ ಆಪರೇಷನ್‌ಗೆ ಲೆನ್ಸ್ ಪವರ್ ಲೆಕ್ಕ ಹಾಕೋವಾಗ ಡಾಕ್ಟ್ರು ಅದನ್ನ ಕೇಳ್ತಾರೆ.